ಹನುಮಂತಮ್ಮ ಬೇಡವೆಂದ ಆಪರೇಷನ್ನು

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹನುಮಂತಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಈಗ ಹೆಂಗಸರಲ್ಲಿ ಯಾರಾದರೂ ಒಬ್ಬರು ತೋರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ "ಯಾವ ಹನುಮಂತಮ್ಮ?" ಎನ್ನುತ್ತಿದ್ದರು. ಹತ್ತಿ ಬಿಡಿಸಲು, ಭತ್ತದ ಸಸಿ ಹಚ್ಚಲು ಟಂಟಂ ಆಟೋ ಹತ್ತಿ ಹೋಗುವ ಗುಂಪಿನಲ್ಲಿ ಅವಳೂ ಒಬ್ಬಳಾಗಿದ್ದಳು, ಅಷ್ಟೇ. ಗಟ್ಟಿ ಮೈಯವಳು, ಮಾತು ಕಡಿಮೆ. ಗಂಡ ಯಂಕಣ್ಣ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅವರಿಬ್ಬರೂ ಓದಬೇಕು, ತನ್ನ ಹಾಗೆ ನೀರಲ್ಲಿ ಬಾಗಿ ನಿಲ್ಲಬಾರದು ಎನ್ನುವುದೊಂದೇ ಅವಳಿಗಿದ್ದ ದೊಡ್ಡ ಆಸೆ.

ಅವಳಿಗೆ ಮೂವತ್ತೈದರ ಆಸುಪಾಸು ಇದ್ದಾಗ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಜತೆಗೆ ಬಿಳಿ ಹೋಗುವುದು. ಇಂಥದ್ದನ್ನು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಕಷ್ಟ, ಗಂಡಸರ ಮುಂದೆ ಬಾಯಿ ಬಿಡುವುದಂತೂ ಇಲ್ಲವೇ ಇಲ್ಲ. ಹನುಮಂತಮ್ಮ ಟವೆಲ್ಲನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಸಸಿ ಹಚ್ಚುವ ದಿನಗಳಲ್ಲಿ ಒಮ್ಮೆ ಗದ್ದೆಯ ಬದುವಿನ ಮೇಲೆ ಕುಸಿದು ಕೂತವಳಿಗೆ ಮತ್ತೆ ಏಳಲಾಗಲಿಲ್ಲ. ಜತೆಯ ಹೆಂಗಸರೇ ಎಬ್ಬಿಸಿ, ಅದೇ ಟಂಟಂನಲ್ಲಿ ಚನ್ನವೀರನ ಹತ್ತಿರ ಕರೆತಂದರು.

ಚನ್ನವೀರ ಡಾಕ್ಟರನಲ್ಲ. ರಾಯಚೂರಿನಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಕಂಪೌಂಡರನಾಗಿದ್ದವನು ಊರಿಗೆ ಬಂದು ಒಂದು ಖೋಲಿ ಹಿಡಿದು ಇಂಜೆಕ್ಷನ್ ಕೊಡುತ್ತಿದ್ದ. ಜನ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಯಾವ ಹೊತ್ತಿಗೆ ಕರೆದರೂ ಬೈಕಿನ ಮೇಲೆ ಬರುತ್ತಿದ್ದ, ರೊಕ್ಕ ಇಲ್ಲ ಎಂದರೆ "ಕೂಲಿ ಬಂದಾಗ ಕೊಡ್ರಿ" ಎನ್ನುತ್ತಿದ್ದ. ಹನುಮಂತಮ್ಮನನ್ನು ನೋಡಿ ಅವನು ತಲೆಯಾಡಿಸಿದ.

"ಇದು ನನ್ನ ಕೈಯಾಗಿಂದಲ್ಲ ಯಂಕಣ್ಣ. ರಾಯಚೂರಿಗೆ ಕರ್ಕೊಂಡು ಹೋಗು. ನನಗ ಗೊತ್ತಿರೋ ನರ್ಸಿಂಗ್ ಹೋಮ್ ಅದ. ನಾನೇ ಫೋನ್ ಮಾಡಿ ಹೇಳ್ತೀನಿ."

ರಾಯಚೂರಿನ ಆ ನರ್ಸಿಂಗ್ ಹೋಮಿನಲ್ಲಿ ನೆಲದ ಮೇಲೆ ಮುಖ ಕಾಣುವಷ್ಟು ಹೊಳಪಿತ್ತು. ಚಪ್ಪಲಿಯನ್ನು ಹೊರಗೆ ಬಿಡಬೇಕೋ ಒಳಗೆ ಒಯ್ಯಬೇಕೋ ತಿಳಿಯದೆ ಗಂಡ ಹೆಂಡತಿ ಬಾಗಿಲಲ್ಲೇ ನಿಂತರು. ರಕ್ತ ತೆಗೆದರು. ಸ್ಕ್ಯಾನ್ ಮಾಡಿದರು. ಆಮೇಲೆ ಡಾಕ್ಟರು ಒಳಗೆ ಕರೆದರು. ಅವರು ಹನುಮಂತಮ್ಮನನ್ನು ಮಲಗಿಸಿ ಪರೀಕ್ಷೆ ಮಾಡಲಿಲ್ಲ, ಸ್ಕ್ಯಾನಿನ ಕಾಗದವನ್ನಷ್ಟೇ ಮೇಲಕ್ಕೆತ್ತಿ ನೋಡಿದರು.

"ಗರ್ಭಚೀಲದಾಗ ಬಾವು ಅದ. ಬಿಟ್ರ ಕ್ಯಾನ್ಸರ್ ಆಗ್ತದ. ಮಕ್ಕಳಾಗ್ಯಾವ ಅಲ್ಲ? ಇನ್ನ ಅದು ಯಾಕ ಬೇಕು? ಸೋಮವಾರ ಬರ್ರಿ, ತೆಗೆದುಬಿಡೋಣ."

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದಮೇಲೆ ಮುಂದಿನದು ಯಾವುದೂ ಅವಳಿಗೆ ಕೇಳಿಸಲಿಲ್ಲ. ಕೌಂಟರಿನಲ್ಲಿ ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ಹೇಳಿದ್ದನ್ನು ಯಂಕಣ್ಣ ಒಬ್ಬನೇ ಕೇಳಿಸಿಕೊಂಡ. ಬಸ್ಸು ಅರ್ಧ ದಾರಿ ಬಂದಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ಮೇಸ್ತ್ರಿ ಹತ್ರ ಅಡ್ವಾನ್ಸ್ ತಗೊಂತೀನಿ. ನೀ ಆರಾಮ ಆದಮ್ಯಾಲ ಇಬ್ರೂ ಬೆಂಗಳೂರಿಗೆ ಹೋಗಿ ಬಿಲ್ಡಿಂಗ್ ಕೆಲಸ ಮಾಡಿ ತೀರಿಸೋಣ."

"ಹುಡುಗೇರ ಸಾಲಿ?"

ಯಂಕಣ್ಣ ಬಸ್ಸಿನ ಟಿಕೇಟನ್ನು ಬೆರಳಲ್ಲಿ ಸಣ್ಣಗೆ ಮಡಚತೊಡಗಿದ.

ಆಪರೇಷನ್ನಾಗುವವರೆಗೆ ಮಕ್ಕಳನ್ನು ಎಲ್ಲಾದರೂ ಬಿಡಬೇಕಲ್ಲ. ಹನುಮಂತಮ್ಮ ಇಬ್ಬರನ್ನೂ ಕರೆದುಕೊಂಡು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿದ್ದ ಅಕ್ಕ ಅಮರಮ್ಮನ ಮನೆಗೆ ಹೋದಳು. ಅಮರಮ್ಮ ಅವಳಿಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವಳು, ಆದರೂ ನೋಡಿದವರು ತಾಯಿ ಮಗಳು ಎನ್ನುತ್ತಿದ್ದರು. ಹಿಂದೆ ತುಂಗಭದ್ರೆಯ ದಡದಿಂದ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಓಡಿದಂತೆ ಬರುತ್ತಿದ್ದವಳು ಈಗ ಮೊಣಕಾಲ ಮೇಲೆ ಕೈಯೂರದೆ ಏಳುತ್ತಿರಲಿಲ್ಲ, ಕೋಲಿಲ್ಲದೆ ನಡೆಯುತ್ತಿರಲಿಲ್ಲ. ಚಳಿಯಲ್ಲೂ ಮೈಯೆಲ್ಲ ಒಮ್ಮೆಲೇ ಬೆಂಕಿಯಾಗಿ ಬೆವರುತ್ತಿತ್ತು.

ತಂಗಿಯ ಮಾತನ್ನೆಲ್ಲ ಕೇಳಿ ಅಮರಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು.

"ನನಗೂ ಹಿಂಗೇ ಅಂದಿದ್ರು. ಕ್ಯಾನ್ಸರ್ ಆಗ್ತದ, ತೆಗಿಬೇಕು ಅಂತ. ತೆಗೆಸಿದೆ. ಆವತ್ತಿನಿಂದ ಈ ಮೈ ನಂದಲ್ಲ ಅನಿಸ್ಯಾದ."

"ಹಂಗಾರ ನಿನಗ ಕ್ಯಾನ್ಸರ್ ಇತ್ತೇನಕ್ಕಾ?"

ಆ ಪ್ರಶ್ನೆ ಅಮರಮ್ಮನಿಗೆ ಆವರೆಗೆ ಹೊಳೆದೇ ಇರಲಿಲ್ಲ ಎನಿಸುತ್ತದೆ.

"ಯಾರಿಗ್ಗೊತ್ತು? ನಾ ಕೇಳಲಿಲ್ಲ. ಬಾಯಿ ಬರಲಿಲ್ಲ ನೋಡು. ನೀನರ ಕೇಳು ತಂಗಿ. ಬ್ಯಾರೆ ಯಾರಿಗರ ತೋರಿಸಿ ಕೇಳು."

ಮರುದಿನ ಹನುಮಂತಮ್ಮ ಮಾನ್ವಿಗೆ ಬಂದು ರಾಯಚೂರಿನ ಬಸ್ಸು ಹತ್ತಿದಳು. ಗಂಡನಿಗೆ ಹೇಳಲಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರು ಬಸ್ಸಿನಲ್ಲಿ ರೊಕ್ಕ ಕೊಡಬೇಕಾಗಿಲ್ಲದ ಕಾಲ ಬಂದಿತ್ತು, ಇಲ್ಲದಿದ್ದರೆ ಅವಳು ಆ ಬಸ್ಸನ್ನು ಹತ್ತುತ್ತಿದ್ದಳೋ ಇಲ್ಲವೋ. ಒಬ್ಬಳೇ ರಾಯಚೂರಿಗೆ ಹೋಗಿದ್ದು ಜೀವನದಲ್ಲಿ ಅದೇ ಮೊದಲು. ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಸರ್ಕಾರಿ ದವಾಖಾನೆಗೆ ನಡೆದಳು. ಹೆಂಗಸರ ವಿಭಾಗದ ಮುಂದೆ ಸಾಲು ಅಂಗಳದವರೆಗೂ ಬಂದಿತ್ತು. ಬೆಳಗಿನ ಬಿಸಿಲು ನೆತ್ತಿಗೇರಿದ ಮೇಲೆ ಅವಳ ಪಾಳಿ ಬಂತು.

ಒಳಗಿದ್ದ ಡಾಕ್ಟರ ಹೆಸರು ಅಂಬಿಕಾ. ಮಾನ್ವಿಯ ಕಡೆಯವರು, ಮಾತು ಸ್ವಲ್ಪ ಒರಟು. ಹನುಮಂತಮ್ಮ ನರ್ಸಿಂಗ್ ಹೋಮಿನ ಕಾಗದಗಳನ್ನು ಮುಂದಿಟ್ಟಳು. ಅವರು ಅವುಗಳನ್ನು ಬದಿಗೆ ಸರಿಸಿ, "ಮೊದಲ ನೀ ಮಲಕ್ಕೊ, ನೋಡ್ತೀನಿ" ಎಂದರು. ಪರದೆ ಎಳೆದು ಪರೀಕ್ಷೆ ಮಾಡಿದರು. ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಒಣಗಿಸುತ್ತಾಳೋ ನೆರಳಿಗೋ, ಗದ್ದೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ, ನೀರು ಕುಡಿಯುತ್ತಾಳೋ ಇಲ್ಲವೋ, ಎಲ್ಲ ಕೇಳಿದರು. ಅಷ್ಟೊಂದು ಪ್ರಶ್ನೆಗಳನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಇದು ಸೋಂಕು. ನಂಜು ಅಂತೀರಲ್ಲ, ಅದು. ಗುಳಿಗಿಗೆ ಹೋಗ್ತದ. ನಿನ್ನ ಗಂಡನೂ ನುಂಗಬೇಕು, ಇಲ್ಲಂದ್ರ ತಿರುಗಿ ಬರ್ತದ."

"ಮತ್ತ ಕ್ಯಾನ್ಸರ್ ಯವ್ವಾ?"

"ಅದರ ಪರೀಕ್ಷಾನೂ ಈಗ ಮಾಡೀನಿ. ಅಂಥದ್ದೇನೂ ಕಾಣಂಗಿಲ್ಲ. ಗುಳಿಗಿ ಮುಗಿದ ಮ್ಯಾಲ ಮತ್ತ ಬಾ, ಇನ್ನೊಮ್ಮೆ ನೋಡ್ತೀನಿ."

ಹನುಮಂತಮ್ಮನಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಗುಳಿಗಿಗೆ ಹೋಗೋದಿದ್ರ ಅವರ್ಯಾಕ ಚೀಲಾನೇ ತೆಗಿತೀವಿ ಅಂದ್ರು?"

ಅಂಬಿಕಾ ಕೈಗವಸು ಕಳಚಿದರು. ಹೊರಗೆ ಇನ್ನೂ ಸಾಲಿತ್ತು. ಆದರೂ ಹೇಳಿದರು.

"ಅವರ ಮನಸ್ಸಿನಾಗ ಏನಿತ್ತೋ ನಾ ಹೇಳಾಕ ಬರಂಗಿಲ್ಲ. ಒಂದು ಮಾತು ಮಾತ್ರ ತಿಳ್ಕೊ. ಅಷ್ಟು ದೊಡ್ಡ ಬಿಲ್ಡಿಂಗು ಕಟ್ಟಿರ್ತಾರ, ಅದಕ್ಕ ಬ್ಯಾಂಕಿನ ಕಂತು. ಮಷಿನ್ ತಂದಿರ್ತಾರ, ಅದಕ್ಕೊಂದು ಕಂತು. ಊರಿಂದ ಪೇಷಂಟ್ ಕಳಿಸಿದವರಿಗೆ ಕೆಲವು ಕಡಿ ಪಾಲು ಕೊಡಬೇಕು. ಗುಳಿಗಿ ಬರೆದು ಕಳಿಸಿದ್ರ ಇದ್ಯಾವುದೂ ಹುಟ್ಟಂಗಿಲ್ಲ. ಎಲ್ಲಾ ಭಾರ ಬಂದು ಬೀಳೋದು ನಿನ್ನಂಥವರ ಹೊಟ್ಟಿ ಮ್ಯಾಲ. ಎಲ್ಲಾರೂ ಹಂಗ ಮಾಡ್ತಾರಂತಲ್ಲ. ಚಲೋ ಡಾಕ್ಟರೂ ಅದಾರ, ಆಪರೇಷನ್ ಬೇಕಾಗೋ ಬ್ಯಾನೀನೂ ಅದಾವ. ಅದಕ್ಕ, ಗಾಬರಿ ಆಗೋಕಿಂತ ಮೊದಲ ಕೇಳಬೇಕು: ಗುಳಿಗಿಲೇ ಕಡಿಮಿ ಆಗಂಗಿಲ್ಲೇನು ಅಂತ. ಕೇಳಿದ್ರ ಯಾರೂ ಹೊಡಿಯಂಗಿಲ್ಲ."

ಮನೆಗೆ ಬಂದು ಹೇಳಿದಾಗ ಯಂಕಣ್ಣನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಮನಸ್ಸು ಹಗುರವಾಯಿತು, ಅದಾದಮೇಲೆ ಅನುಮಾನ ಶುರುವಾಯಿತು. ಗುಳಿಗೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಪುಕ್ಕಟ ಕೊಟ್ಟಿದ್ದು. ಇದರಾಗ ಏನಿರ್ತದ? ಅಲ್ಲಿ ಅಷ್ಟು ರೊಕ್ಕ ಕೇಳ್ಯಾರಂದ್ರ ಸುಮ್ಮನ ಕೇಳಿರ್ತಾರೇನು?"

"ರೊಕ್ಕ ಜಾಸ್ತಿ ಕೇಳಿದವ್ರೇ ಶಾಣ್ಯಾರೇನು? ನಿನ್ನ ಪಾಲಿನ ಗುಳಿಗಿ ಇವು, ನುಂಗು."

"ನನಗ್ಯಾಕ? ಹೆಂಗಸರ ಬ್ಯಾನಿಗೆ ನಾ ನುಂಗಬೇಕಾ? ಹಮಾಲಿ ಮಂದಿಗೆ ಗೊತ್ತಾದ್ರ ನಗ್ತಾರ."

"ನೀ ನುಂಗದಿದ್ರ ನನಗ ತಿರುಗಿ ಬರ್ತದಂತ. ಮಾರ್ಕೆಟ್ಟಿನಾಗ ಡಂಗುರ ಸಾರಿ ನುಂಗಂತ ನಾ ಹೇಳಿಲ್ಲ."

ಯಂಕಣ್ಣ ಗೋಡೆಯ ಕಡೆ ತಿರುಗಿ ನುಂಗಿದ. ದಿನಗಳು ಕಳೆದಂತೆ ಹನುಮಂತಮ್ಮನ ನೋವು ಇಳಿಯಿತು. ಸೊಂಟದ ಟವೆಲ್ಲು ಬಿಚ್ಚಿದಳು. ಬೆಂಗಳೂರಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಮಕ್ಕಳು ಚೀಕಲಪರ್ವಿಯಿಂದ ವಾಪಸ್ಸು ಬಂದು ಶಾಲೆಗೆ ಹೋದರು.

ಆದರೆ ಸೋಮವಾರ ನರ್ಸಿಂಗ್ ಹೋಮಿಗೆ ಹೋಗದೇ ಇದ್ದದ್ದು ಚನ್ನವೀರನಿಗೆ ತಿಳಿಯದೇ ಇರುತ್ತದೆಯೇ? ಬೈಕು ತಂದು ಬಾಗಿಲಿಗೆ ನಿಲ್ಲಿಸಿದ.

"ಯಾಕ ಹೋಗಲಿಲ್ಲ ಹನುಮಂತಮ್ಮ? ನಾ ಫೋನ್ ಮಾಡಿ ಹೇಳಿದ್ದೆ. ಅವರ ಮುಂದ ನನ್ನ ಮಾತು ಏನಾಗಬೇಕು?"

"ಗುಳಿಗಿಗೆ ಆರಾಮ ಆತ್ರೀ." ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಮಾತು ತಡೆಯದೆ ಬಂದುಬಿಟ್ಟಿತು. "ಒಂದು ಕೇಳ್ತೀನಿ, ತಪ್ಪು ತಿಳಿಬ್ಯಾಡ್ರಿ. ನಾ ಹೋಗಿದ್ರ ನಿಮಗೇನರ ಕೊಡ್ತಿದ್ರೇನ್ರಿ?"

ಚನ್ನವೀರನ ಮುಖ ಕೆಂಪಾಯಿತು. ಬೈಕಿಗೆ ಕಿಕ್ ಹೊಡೆದು ಹೋದ. ಅವನು ಹೋದಮೇಲೆ ಹನುಮಂತಮ್ಮನಿಗೆ ಭಯವಾಯಿತು. ನಾಳೆ ಮಕ್ಕಳಿಗೆ ಜ್ವರ ಬಂದರೆ ಬರುವವನು ಅವನೊಬ್ಬನೇ ಅಲ್ಲವೇ?

ಹೊಲದಲ್ಲಿ ಹತ್ತಿ ಬಿಡಿಸುವಾಗ ಹೆಂಗಸರ ಮಾತಿಗೆ ಬೇಲಿ ಇರುವುದಿಲ್ಲ. ಹನುಮಂತಮ್ಮನ ಸುದ್ದಿ ಸಾಲಿನಿಂದ ಸಾಲಿಗೆ ಹೋಯಿತು. ಮೊದಲು ಒಬ್ಬಳು ಪಕ್ಕದ ಸಾಲಿಗೆ ಸರಿದು ಬಂದು ಮೆಲ್ಲಗೆ ಕೇಳಿದಳು, "ನಿನಗ ಹ್ಯಾಂಗಾಗಿತ್ತು?" ಇನ್ನೊಬ್ಬಳು ತನಗೂ ತೆಗೆಸಲು ಹೇಳಿದ್ದಾರೆಂದಳು. ಅವರಿಗೆ ರಾಯಚೂರಿನ ಆ ಸಾಲು, ಆ ಬಾಗಿಲು ಗೊತ್ತಿರಲಿಲ್ಲ. ಹನುಮಂತಮ್ಮ ಕೂಲಿ ಬಿಟ್ಟು ಜತೆಗೆ ಹೋದಳು. ಒಳಗೆ ಹೋದಾಗ ಆ ಹೆಂಗಸರ ಬಾಯಿ ಕಟ್ಟಿಹೋದರೆ ಇವಳೇ ಕೇಳುತ್ತಿದ್ದಳು: "ಗುಳಿಗಿಲೇ ಕಡಿಮಿ ಆಗಂಗಿಲ್ಲೇನ್ರಿ?" ಕೆಲವರಿಗೆ ಕಡಿಮೆಯೂ ಆಯಿತು. ಯಂಕಣ್ಣ ಒಮ್ಮೆ, "ನಿನ್ನ ಕೂಲಿ ಹಾಳು ಮಾಡ್ಕೊಂಡು ಊರ ಮಂದಿ ಹಿಂದ ಯಾಕ ತಿರಗ್ತಿ?" ಎಂದು ಗೊಣಗಿದ. ಆದರೆ ಅವಳು ಹೊರಟ ದಿನ ರೊಟ್ಟಿ ಕಟ್ಟಿದ ಬುತ್ತಿಯನ್ನು ಬಸ್‌ಸ್ಟ್ಯಾಂಡಿನವರೆಗೆ ತಾನೇ ಹಿಡಿದುಕೊಂಡು ಬರುತ್ತಿದ್ದ.

ಎಲ್ಲ ಹೀಗೇ ಸರಾಗವಾಗಿ ನಡೆದಿದ್ದರೆ ಇದು ಸಣ್ಣ ಕಥೆಯಾಗುತ್ತಿತ್ತು. ಗುಲ್ನಾಜ್‌ಳ ವಿಷಯದಲ್ಲಿ ಹಾಗಾಗಲಿಲ್ಲ.

ಗುಲ್ನಾಜ್ ಅದೇ ಓಣಿಯವಳು. ಗಂಡ ಮೀರಾಹುಸೇನ ಗಾದಿ ಹೊಲಿಯುತ್ತಿದ್ದ. ಅವಳು ಹತ್ತಿ ಹಿಂಜಿ ಕೊಡುತ್ತಿದ್ದಳು, ನಗುನಗುತ್ತ ಇಡೀ ಓಣಿಯನ್ನು ಮಾತಾಡಿಸುತ್ತಿದ್ದಳು. ಒಂದು ಬೆಳಿಗ್ಗೆ ನಳದ ಹತ್ತಿರ ಅವಳು ಕೊಡ ಕೆಳಗಿಟ್ಟು ಗೋಡೆ ಹಿಡಿದು ನಿಂತದ್ದನ್ನು ಹನುಮಂತಮ್ಮ ಕಂಡಳು. ತುಟಿ ಬೆಳ್ಳಗೆ ಸುಣ್ಣದಂತಿತ್ತು.

"ಏನಾಗ್ಯಾದ ಗುಲ್ನಾಜ್?"

"ಏನಿಲ್ಲ ಹನುಮಕ್ಕ. ಮುಟ್ಟು ನಿಲ್ಲವಲ್ದು, ಅಷ್ಟೇ. ಚನ್ನವೀರ ಆಪರೇಷನ್ ಆಗಬೇಕು ಅಂದ. ನಾ ಹೇಳಿದೆ, ಅದೆಲ್ಲ ರೊಕ್ಕ ಹೊಡಿಯೋ ಆಟ, ನಮ್ಮ ಹನುಮಕ್ಕ ಹೇಳ್ಯಾಳಂತ."

"ನಾ ಯಾವಾಗ ಹಂಗ ಹೇಳೀನಿ?"

"ಹೇಳಿದಿಯಲ್ಲ, ಎಲ್ಲಾರಿಗೂ ಹೇಳಿದಿ. ಆಪರೇಷನ್ ಬ್ಯಾಡ ಅಂತ."

ತಿಂಗಳುಗಳಿಂದ ರಕ್ತ ಹೋಗುತ್ತಿತ್ತು. ಆಪರೇಷನ್ನೆಂದರೆ ಸಾವೆಂದೇ ಗುಲ್ನಾಜ್‌ಳಿಗೆ ಭಯ. ಆ ಭಯಕ್ಕೆ ಹನುಮಂತಮ್ಮನ ಹೆಸರನ್ನು ಅಡ್ಡ ಹಿಡಿದುಕೊಂಡು ಕೂತಿದ್ದಳು. ಹನುಮಂತಮ್ಮನ ಮಾತು ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಹೀಗೆ ಬೇರೆಯದೇ ಮಾತಾಗಿತ್ತು. ಅವಳು ಕೊಡಗಳನ್ನು ಅಲ್ಲೇ ಬಿಟ್ಟು ಮೀರಾಹುಸೇನನನ್ನು ಕರೆದಳು. ಮಧ್ಯಾಹ್ನದೊಳಗೆ ಮೂವರೂ ರಾಯಚೂರಿನಲ್ಲಿದ್ದರು.

ಅಂಬಿಕಾ ಗುಲ್ನಾಜ್‌ಳನ್ನು ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ ನೋಡಿದರು. ಹನುಮಂತಮ್ಮ ಎಂದಿನಂತೆ ಕೇಳಿದಳು.

"ಗುಳಿಗಿಲೇ ಕಡಿಮಿ ಆಗಂಗಿಲ್ಲೇನ್ರಿ?"

"ಮೊದಲ ಬಂದಿದ್ರ ಗುಳಿಗಿ ಕೊಟ್ಟು ನೋಡಬಹುದಿತ್ತು. ಈಗ ಒಳಗಿನ ಗಡ್ಡಿ ಕೂಸಿನ ತಲಿಯಷ್ಟು ಬೆಳದದ. ಮೈಯಾಗ ರಕ್ತಾನೇ ಉಳಿದಿಲ್ಲ. ಇದನ್ನ ತೆಗಿಲೇಬೇಕು. ಮೊದಲ ರಕ್ತ ಹಾಕಿ, ಸ್ವಲ್ಪ ಸುಧಾರಿಸಿದ ಮ್ಯಾಲ."

ಗುಲ್ನಾಜ್ ಹನುಮಂತಮ್ಮನ ಕೈ ಕೊಡವಿದಳು. "ನೀನೂ ಇವರ ಕೂಡ ಸೇರಿಬಿಟ್ಟಿ! ನಿನ್ನ ನಂಬಿ ಬಂದೆ ನಾ!" ಎಂದು ಅಳತೊಡಗಿದಳು. ಮೀರಾಹುಸೇನ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಡಾಕ್ಟರ ಮುಖ ನೋಡುತ್ತ ನಿಂತ.

ಹನುಮಂತಮ್ಮ ಅವಳನ್ನು ಹೊರಗಿನ ಬೆಂಚಿಗೆ ಕರೆತಂದು ಪಕ್ಕದಲ್ಲಿ ಕೂತಳು. ಅಕ್ಕನ ಮೊಣಕಾಲು, ಬೆವರು, ಎಲ್ಲ ನೆನಪಾಗಿ ತಾನೇ ಹೆದರಿದ್ದಳು. ಗುಲ್ನಾಜ್‌ಳನ್ನು ಅಲ್ಲೇ ಕೂರಿಸಿ ಮತ್ತೆ ಒಳಗೆ ಹೋದಳು. ಅಕ್ಕನ ಕಥೆಯನ್ನು ಡಾಕ್ಟರ ಮುಂದೆ ಹೇಳಿ, ಇವಳಿಗೂ ಹಾಗಾಗುತ್ತದೆಯೇ ಎಂದು ಕೇಳಿದಳು.

"ನಿಮ್ಮಕ್ಕಗ ಗರ್ಭಚೀಲದ ಕೂಡ ಮೊಟ್ಟಿಚೀಲ, ಅಂದ್ರ ಅಂಡಾಶಯಾನೂ ತೆಗೆದಿರಬೇಕು. ಸಣ್ಣ ವಯಸ್ಸಿನಾಗ ಅದು ಹೋದ್ರ ಎಲುಬು ಸವಿತಾವ, ಮೈ ಉರಿತದ. ಇಕಿಗೆ ಮೊಟ್ಟಿಚೀಲ ಚಲೋ ಇದ್ರ ನಾ ಮುಟ್ಟಂಗಿಲ್ಲ, ಹಂಗೇ ಬಿಡ್ತೀನಿ. ನಿಮ್ಮಕ್ಕನ್ನೂ ಒಮ್ಮೆ ಕರ್ಕೊಂಡು ಬಾ."

ಹನುಮಂತಮ್ಮ ಬೆಂಚಿಗೆ ವಾಪಸ್ಸು ಬಂದು ಕೇಳಿದ್ದನ್ನೆಲ್ಲ ಹೇಳಿದಳು. "ನಾ ಬ್ಯಾಡ ಅಂದಿದ್ದು ನನ್ನ ಬ್ಯಾನಿಗೆ. ನಿಂದು ಬ್ಯಾರೆ ಅದ. ಬ್ಯಾಡಾಗಿದ್ದು ಮಾಡಿಸಿಕೊಂಡ್ರೂ ಕೆಟ್ಟ, ಬೇಕಾಗಿದ್ದು ಬಿಟ್ರೂ ಕೆಟ್ಟ. ನಾ ಇಲ್ಲೇ ಇರ್ತೀನಿ. ನೀ ಎದ್ದು ಮನಿಗೆ ಬರೋತನಕ ಎಲ್ಲೂ ಹೋಗಂಗಿಲ್ಲ."

ಗುಲ್ನಾಜ್ ಬಹಳ ಹೊತ್ತು ಅತ್ತಳು. ಕೊನೆಗೆ ಮೂಗು ಒರೆಸಿಕೊಂಡು, "ನೀ ಹೋದಿ ಅಂದ್ರ ನಾನೂ ಎದ್ದು ಬರ್ತೀನಿ ನೋಡು" ಎಂದಳು.

ಮೀರಾಹುಸೇನ ರಕ್ತ ಕೊಟ್ಟ. ಇನ್ನೂ ಬೇಕೆಂದಾಗ ದೇವದುರ್ಗಕ್ಕೆ ಫೋನ್ ಹೋಯಿತು. ಯಂಕಣ್ಣ ಮಾರ್ಕೆಟ್ಟಿನಿಂದ ಇಬ್ಬರು ಹಮಾಲರನ್ನು ಕರೆದುಕೊಂಡು ಬಂದ. ಸೂಜಿ ಕಂಡು ಕಣ್ಣು ಮುಚ್ಚಿದ ಹಮಾಲನೊಬ್ಬನನ್ನು ನೋಡಿ ನರ್ಸು, "ಇಷ್ಟು ದೊಡ್ಡ ಚೀಲ ಹೊರ್ತೀರಿ, ಇಷ್ಟಕ್ಕ ಹೆದರ್ತೀರಲ್ರೀ" ಎಂದು ನಕ್ಕಳು. ಬಿಪಿಎಲ್ ರೇಷನ್ ಕಾರ್ಡು ಇದ್ದದ್ದರಿಂದ ಆಪರೇಷನ್ನಿಗೆ ರೊಕ್ಕ ಕಟ್ಟಬೇಕಾಗಲಿಲ್ಲ. ಹಾಗೆಂದು ಖರ್ಚೇ ಆಗಲಿಲ್ಲ ಎನ್ನುವಂತಿಲ್ಲ. ಊಟ, ಚಹಾ, ಮೀರಾಹುಸೇನನ ನಿಂತುಹೋದ ಕೆಲಸ, ಹನುಮಂತಮ್ಮನ ಕೂಲಿ ಎಲ್ಲ ಇತ್ತು. ಬಡವರಿಗೆ ಬೇನೆ ಬಂದರೆ ಪುಕ್ಕಟೆಯಾಗಿ ಹೋಗುವುದೆಂಬುದು ಎಲ್ಲೂ ಇಲ್ಲ. ಆದರೂ ಮೀರಾಹುಸೇನ ಗಾದಿ ಹೊಲಿಯುವ ಮಷಿನ್ನನ್ನು ಮಾರಬೇಕಾಗಲಿಲ್ಲ. ಸಾಲಕ್ಕಾಗಿ ಊರು ಬಿಡಬೇಕಾಗಲಿಲ್ಲ.

ಆಪರೇಷನ್ ಮುಗಿದು ಎಚ್ಚರಾದಾಗ ಗುಲ್ನಾಜ್ ಮೊದಲು ಕೇಳಿದ್ದು, "ಹನುಮಕ್ಕ ಅದಾಳೇನು?" ಎಂದು. ಹನುಮಂತಮ್ಮ ಮಂಚದ ಕೆಳಗೆ ಚಾಪೆಯ ಮೇಲೆ ಕೂತಿದ್ದವಳು ಕೈ ಮೇಲೆತ್ತಿ ತೋರಿಸಿದಳು.

ಇದೆಲ್ಲ ಆದಮೇಲೆ ಹನುಮಂತಮ್ಮ ಮಾತನಾಡುವ ರೀತಿ ಬದಲಾಯಿತು. ಯಾರಾದರೂ ಬಂದು "ಆಪರೇಷನ್ ಬ್ಯಾಡಲ್ಲ?" ಎಂದರೆ, "ಅದನ್ನ ನಾ ಹ್ಯಾಂಗ ಹೇಳಲಿ? ತೋರಿಸೋಣ, ಕೇಳೋಣ" ಎನ್ನುತ್ತಿದ್ದಳು. ಅಮರಮ್ಮನನ್ನೂ ಚೀಕಲಪರ್ವಿಯಿಂದ ಕರೆತಂದಳು. ಅಂಬಿಕಾ ಎಲುಬಿನ ಗುಳಿಗೆ ಕೊಟ್ಟು, ಬಿಸಿಲಲ್ಲಿ ನಡೆಯಲು ಹೇಳಿ, ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟರು. ಹಳೆಯ ಮೈ ತಿರುಗಿ ಬರಲಿಲ್ಲ, ಬರುವುದೂ ಇಲ್ಲ. ಆದರೆ ಮುಂದಿನ ಬೇಸಿಗೆಗೆ ಅಮರಮ್ಮ ಕೋಲಿಲ್ಲದೆ ನದಿಯವರೆಗೆ ನಡೆದುಹೋಗಿ, ನೀರಲ್ಲಿ ಕಾಲಿಟ್ಟು ಕೂತು ಬಂದಳಂತೆ.

ಚನ್ನವೀರ ಬಹಳ ದಿನ ಓಣಿಯಲ್ಲಿ ಮುಖ ತಿರುಗಿಸಿಕೊಂಡೇ ಓಡಾಡಿದ. ಆದರೂ ಹನುಮಂತಮ್ಮನ ಚಿಕ್ಕ ಮಗಳಿಗೆ ಜ್ವರ ಬಂದು ಕರೆದಾಗ ಬಂದ, ಮಾತಾಡದೆ ಔಷಧಿ ಕೊಟ್ಟು ಹೋದ. ಮಳೆಗಾಲ ಮುಗಿದಮೇಲೆ ಒಂದು ದಿನ ಆಗಷ್ಟೇ ಹದಿಹರೆಯ ದಾಟಿದ ಸೊಸೆಯೊಬ್ಬಳನ್ನು, ಅವಳ ಅತ್ತೆಯನ್ನು ಬಾಗಿಲಿಗೆ ಕರೆತಂದು ನಿಲ್ಲಿಸಿದ.

"ಇಕಿನ್ನ ನಿಮ್ಮ ಡಾಕ್ಟರವ್ವನ ಹತ್ರ ಒಮ್ಮೆ ತೋರಿಸು. ನಾ ಕಳಿಸೀನಿ ಅಂತ ಮಾತ್ರ ಯಾರ ಮುಂದೂ ಹೇಳಬ್ಯಾಡ."

"ಯಾಕ್ರೀ, ಒಳ್ಳೇದು ಮಾಡಿದ್ದು ಹೇಳಬಾರದೇನು?"

"ನನ್ನ ಹೊಟ್ಟಿಪಾಡೂ ಅದ ಅಲ್ಲ ಯವ್ವಾ," ಎಂದು ಹೇಳಿ ಅವನು ಬೈಕು ಹತ್ತಿದ. ಅವನು ಪೂರಾ ಬದಲಾದ ಎಂದೇನಿಲ್ಲ. ಕೆಲವರನ್ನು ಈಗಲೂ ಹಳೆಯ ದಾರಿಯಲ್ಲೇ ಕಳಿಸುತ್ತಾನೆ, ಕೆಲವರನ್ನು ಈ ಬಾಗಿಲಿಗೆ ತರುತ್ತಾನೆ.

ಈ ವರ್ಷ ಮಾನ್ವಿಯಲ್ಲಿ ಹೆಂಗಸರಿಗಾಗಿ ತಪಾಸಣೆಯ ಶಿಬಿರ ನಡೆಯಿತು. ಅಂಬಿಕಾ ಹನುಮಂತಮ್ಮನನ್ನು ಕರೆಸಿ, ಮೈಕಿನ ಮುಂದೆ ನಾಲ್ಕು ಮಾತಾಡು ಎಂದರು. ಅವಳು ಸುತರಾಂ ಒಪ್ಪಲಿಲ್ಲ. "ಮೈಕ್ ಹಿಡಿದ್ರ ನನ್ನ ದನಿ ನನಗೇ ಹೆದರಿಸ್ತದ್ರೀ" ಎಂದು ಹೇಳಿ ಹೋಗಿ ಹೆಂಗಸರ ನಡುವೆ ಕೂತಳು. ಭಾಷಣ ನಡೆಯುತ್ತಿತ್ತು. ಹಿಂದಿನ ಸಾಲಿನಿಂದ ಸಣ್ಣ ವಯಸ್ಸಿನ ಹೆಂಗಸೊಬ್ಬಳು ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹನುಮಂತಮ್ಮ ಪೂರಾ ಕೇಳಿಸಿಕೊಂಡಳು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು, "ಬಾ ಯವ್ವಾ, ನಡಿ, ಪಾಳಿ ಹಿಡಿಯೋಣ" ಎಂದು ಅವಳ ಜತೆಗೆ ಸಾಲಿನ ಕೊನೆಗೆ ಹೋಗಿ ನಿಂತಳು.